ಸ್ಪೇನಿನ ಕಾದಿಸ್: ಒಂದು ಮಧ್ಯಾಹ್ನ ಸಾಕಾ, ಅಲ್ಲೇ ಉಳಿಯಬೇಕಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಮನೆಯವರೆಲ್ಲ ಸೇರಿ ಸ್ಪೇನಿಗೆ ಹೊರಟಿದ್ದೇವೆ. ನಾನು, ನಮ್ಮವರು, ಒಂಬತ್ತನೇ ಕ್ಲಾಸಿನ ಮಗ, ಜೊತೆಗೆ ಅತ್ತೆ, ಮಾವ. ಗ್ರಾನಾದಾ, ಕೋರ್ದೊಬಾ, ಸೆವಿಯಾ (ಸೆವಿಲ್) ಈಗಾಗಲೇ ಗಟ್ಟಿ. ಕಾದಿಸ್ ವಿಷಯಕ್ಕೆ ಮಾತ್ರ ಮನೆಯಲ್ಲಿ ಚರ್ಚೆ ನಿಂತಿಲ್ಲ. ಟ್ರಾವೆಲ್ ಏಜೆಂಟರು ಸೆವಿಯಾದಿಂದ ಬೆಳಿಗ್ಗೆ ಕರೆದುಕೊಂಡು ಹೋಗಿ, ಕ್ಯಾಥೆಡ್ರಲ್ ಮತ್ತು ಬೀಚ್ ತೋರಿಸಿ, ಸಂಜೆ ವಾಪಸ್ ಬಿಡುತ್ತೇವೆ ಅನ್ನುತ್ತಾರೆ. ಮಾವನವರಿಗೆ ಹಳೆಯ ಊರು, ಹಳೆಯ ಕೋಟೆ ಅಂದರೆ ಜೀವ. ಮಗನಿಗೆ ಸಮುದ್ರದಲ್ಲಿ ಈಜಬೇಕು. ನನಗೆ ಅಲ್ಲಿಯ ಕಾರ್ನಿವಲ್ ನೋಡುವ ಆಸೆ, ಅದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅತ್ತೆ ಮಾವ ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಒಂದು ಮಧ್ಯಾಹ್ನ ಸಾಕಾಗುತ್ತಾ? ಉಳಿಯುವುದಾದರೆ ಯಾವ ತಿಂಗಳು ಒಳ್ಳೆಯದು? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ತಿಳಿಸಿ.

ಸೆವಿಯಾವಾಸಿ:
ತುಂಗಾತೀರ ಅವರೇ, ನಾನು ಕೆಲಸದ ಮೇಲೆ ಸೆವಿಯಾದಲ್ಲಿದ್ದೇನೆ. ಕಾದಿಸ್ ನನ್ನ ಪ್ರೀತಿಯ ಊರು, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ರಾತ್ರಿ ಉಳಿಯಿರಿ. ಏಜೆಂಟರು ತೋರಿಸುವ ಹೊತ್ತಿನಲ್ಲಿ ಕಾದಿಸ್ ಅರ್ಧ ನಿದ್ದೆಯಲ್ಲಿರುತ್ತದೆ. ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ, ಜನ ಊಟಕ್ಕೆ ಮನೆ ಸೇರುತ್ತಾರೆ. ಊರು ಬೀದಿಗೆ ಇಳಿಯುವುದೇ ಸಂಜೆ. ಅಷ್ಟರಲ್ಲಿ ನಿಮ್ಮ ಬಸ್ಸು ಹೊರಟಿರುತ್ತದೆ.

ಹಳೆಯ ಊರು ಅಟ್ಲಾಂಟಿಕ್ ಸಾಗರಕ್ಕೆ ಚಾಚಿಕೊಂಡ ಒಂದು ತುದಿಯ ಮೇಲಿದೆ. ಮೂರು ಕಡೆ ನೀರು. ಹಿಂದೆ ಸಣ್ಣ ಪಟ್ಟಿಯಂಥ ನೆಲ, ಅದರ ಮೇಲೆ ಹೊಸ ಊರು. ಎರಡರ ನಡುವೆ ಪುಯೆರ್ತಾ ದೆ ತಿಯೆರ್ರಾ ಅನ್ನುವ ಹಳೆಯ ಕೋಟೆ ಬಾಗಿಲು. ಬಾಗಿಲಿನ ಒಳಗಿನ ಊರನ್ನು ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದೇ ದಾಟಬಹುದು. ಏರು ಇಳಿತ ಇಲ್ಲವೇ ಇಲ್ಲ ಅನ್ನಬಹುದು. ನಿಮ್ಮ ಅತ್ತೆ ಮಾವನವರಿಗೆ ಗ್ರಾನಾದಾದ ದಿಬ್ಬಗಳಿಗಿಂತ ಇದು ಎಷ್ಟೋ ಹಿತ. ರೈಲು ನಿಲ್ದಾಣವೂ ಹಳೆಯ ಊರಿನ ಅಂಚಿಗೇ ಇದೆ. ಸೆವಿಯಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಬಸ್ ಪ್ಯಾಕೇಜ್ ಬೇಕಾಗಿಯೇ ಇಲ್ಲ.

ಬೀಚ್‌ಗಳಲ್ಲಿ ಎರಡನ್ನು ನೆನಪಿಟ್ಟುಕೊಳ್ಳಿ. ಹೊಸ ಊರಿನ ಉದ್ದಕ್ಕೂ ಲಾ ವಿಕ್ತೋರಿಯಾ, ಸುಮಾರು ಮೂರು ಕಿಲೋಮೀಟರ್ ಉದ್ದ, ಅಗಲವಾದ ಮರಳು, ಪಕ್ಕದಲ್ಲೇ ನಡೆಯುವ ದಾರಿ. ಮಗ ಈಜಲು ಅದು. ಇನ್ನೊಂದು ಹಳೆಯ ಊರಿನ ಲಾ ಕಲೇತಾ. ಚಿಕ್ಕದು, ಎರಡು ಕೋಟೆಗಳ ನಡುವೆ ಕಮಾನಿನಂತೆ ಬಾಗಿದ ತೀರ. ಒಂದು ಪಕ್ಕ ಸಾಂತಾ ಕತಲೀನಾ ಕೋಟೆ, ಇನ್ನೊಂದು ಪಕ್ಕ ಸಮುದ್ರದೊಳಗಿನ ಬಂಡೆಯ ಮೇಲೆ ಸಾನ್ ಸೆಬಾಸ್ತಿಯಾನ್ ಕೋಟೆ. ಅಲ್ಲಿಗೆ ಕಲ್ಲಿನ ಕಾಲುದಾರಿ ಇದೆ. ಕೋಟೆಯೊಳಗೆ ಬಿಡದೇ ಇದ್ದರೂ ಆ ದಾರಿಯಲ್ಲಿ ನಡೆಯುವುದೇ ಒಂದು ಸುಖ. ನಡುವೆ ಬಿಳಿ ಬಣ್ಣದ ಹಳೆಯ ಸ್ನಾನಗೃಹ, 1926ರದ್ದು, ಮರಳಿನ ಮೇಲೆ ಎರಡು ತೋಳು ಚಾಚಿ ನಿಂತಿದೆ. ಈಗ ಅದರಲ್ಲಿ ಸಮುದ್ರದಡಿಯ ಪುರಾತತ್ವ ಕೇಂದ್ರ ಇದೆ.

ಲಾ ಕಲೇತಾದಲ್ಲಿ ಬೇಸಿಗೆಯ ಮಧ್ಯಾಹ್ನ ಕೂತು ನೋಡಿ. ಪಕ್ಕದ ಲಾ ವಿನ್ಯಾ ಬಡಾವಣೆಯ ಅಜ್ಜಿಯರು ಮಡಚುವ ಕುರ್ಚಿ, ಮೇಜು, ಮನೆಯ ಅಡುಗೆ ಎಲ್ಲ ಹೊತ್ತುಕೊಂಡು ಬರುತ್ತಾರೆ. ದುಂಡಗೆ ಕೂತು ಬಿಂಗೋ ಆಡುತ್ತಾರೆ. ಅವರಿಗೆ ಅದು ಮನೆಯ ಅಂಗಳ. ನಾವು ಅಲ್ಲಿ ಅತಿಥಿಗಳು. ಕಾದಿಸ್ ನೋಡುವುದು ಅಂದರೆ ನನ್ನ ಪ್ರಕಾರ ಮೊದಲು ಇದನ್ನು ನೋಡುವುದು.

ಹಳೆಗೋಡೆ:
ಮೇಲಿನ ಮಾತಿಗೆ ನನ್ನ ಒಪ್ಪಿಗೆ ಇದೆ. ಮಾವನವರ ಸಲುವಾಗಿ ಚರಿತ್ರೆಯ ಭಾಗವನ್ನು ನಾನು ಹೇಳುತ್ತೇನೆ.

ಕಾದಿಸ್ ಪಶ್ಚಿಮ ಯುರೋಪಿನ ಅತಿ ಹಳೆಯ ಊರುಗಳಲ್ಲಿ ಒಂದು. ಲೆಬನಾನ್ ತೀರದ ಟೈರ್‌ನಿಂದ ಬಂದ ಫಿನೀಷಿಯನ್ ವ್ಯಾಪಾರಿಗಳು ಕಟ್ಟಿದ್ದು. ಪ್ರಾಚೀನ ಲೇಖಕರ ಲೆಕ್ಕದಲ್ಲಿ ಕ್ರಿ.ಪೂ. 1100ರ ಸುಮಾರು. ಅಗೆದಾಗ ಸಿಕ್ಕ ಮನೆಗಳು ಕ್ರಿ.ಪೂ. 9ನೇ ಶತಮಾನದವರೆಗೆ ಹೋಗುತ್ತವೆ. ಇದನ್ನು ಕಣ್ಣಾರೆ ನೋಡಬಹುದು. ಗೊಂಬೆಯಾಟದ ರಂಗಮಂದಿರ ಒಂದಿದೆ, ಲಾ ತಿಯಾ ನೊರಿಕಾ ಅಂತ. ಅದರ ನೆಲಮಾಳಿಗೆಯಲ್ಲಿ ಫಿನೀಷಿಯನ್ನರ ಬೀದಿ, ಮನೆ, ಒಲೆ ಎಲ್ಲ ಇದೆ. ಮೊದಲೇ ಹೆಸರು ಬರೆಸಿದರೆ ಗೈಡ್ ಕರೆದುಕೊಂಡು ಹೋಗುತ್ತಾರೆ.

ಮೀನಾ ಚೌಕದಲ್ಲಿರುವ ಕಾದಿಸ್ ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿ ಮನುಷ್ಯನ ಆಕಾರದ ಎರಡು ಅಮೃತಶಿಲೆಯ ಶವಪೆಟ್ಟಿಗೆಗಳಿವೆ, ಫಿನೀಷಿಯನ್ನರವು, ಕ್ರಿ.ಪೂ. 5ನೇ ಶತಮಾನದವು. ಗಡ್ಡದ ಗಂಡಸಿನದು 1887ರಲ್ಲಿ ಸಿಕ್ಕಿತು. ಇದಕ್ಕೆ ಜೋಡಿಯಾಗಿ ಹೆಂಗಸಿನದೂ ಇದ್ದೇ ಇರಬೇಕು ಅಂತ ಪೆಲಾಯೊ ಕಿಂತೇರೊ ಅನ್ನುವ ಪುರಾತತ್ವಜ್ಞ ನಂಬಿದ್ದರು. ಅವರು ಆ ಮ್ಯೂಸಿಯಂನ ನಿರ್ದೇಶಕರೂ ಆಗಿದ್ದವರು. ಊರಲ್ಲಿ ವರ್ಷಗಟ್ಟಲೆ ಅಗೆಸಿದರು. ಸಿಗಲಿಲ್ಲ. 1946ರಲ್ಲಿ ತೀರಿಕೊಂಡರು. 1980ರಲ್ಲಿ ಒಂದು ಕಟ್ಟಡಕ್ಕೆ ಪಾಯ ತೋಡುವಾಗ ಹೆಂಗಸಿನ ಶವಪೆಟ್ಟಿಗೆ ಸಿಕ್ಕಿತು. ಆ ಜಾಗದಲ್ಲೇ ಹಿಂದೆ ಕಿಂತೇರೊ ಅವರ ಮನೆ ಇತ್ತು. ಈಗ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಈ ಕಥೆ ಗೊತ್ತಿದ್ದು ಅವುಗಳ ಮುಂದೆ ನಿಂತರೆ ಕಾಲು ಕದಲುವುದಿಲ್ಲ.

ಅದೇ 1980ರಲ್ಲಿ ಪೋಪುಲೊ ಬಡಾವಣೆಯ ಮನೆಗಳ ಕೆಳಗೆ ರೋಮನ್ ರಂಗಮಂದಿರವೂ ಹೊರಬಂತು. ಕ್ರಿ.ಪೂ. 1ನೇ ಶತಮಾನದ್ದು, ಸ್ಪೇನಿನ ರೋಮನ್ ರಂಗಮಂದಿರಗಳಲ್ಲಿ ಬಹಳ ಹಳೆಯದು. ಅದರ ಒಂದು ಭಾಗ ಇವತ್ತಿಗೂ ಮನೆಗಳ ಅಡಿಯಲ್ಲೇ ಇದೆ.

ಊರಿನ ಸಿರಿವಂತಿಕೆ ಬಂದದ್ದು ಅಮೆರಿಕದ ವ್ಯಾಪಾರದಿಂದ. ಕೊಲಂಬಸ್ ಎರಡನೆಯ ಯಾನಕ್ಕೆ 1493ರಲ್ಲಿ ಹೊರಟದ್ದು ಇಲ್ಲಿಂದ. 1596ರಲ್ಲಿ ಇಂಗ್ಲಿಷ್ ಮತ್ತು ಡಚ್ ಹಡಗುಗಳು ನುಗ್ಗಿ ಊರನ್ನು ಸುಟ್ಟವು. ನಕ್ಷತ್ರದ ಆಕಾರದ ಸಾಂತಾ ಕತಲೀನಾ ಕೋಟೆ ಕಟ್ಟಿದ್ದು ಅದಾದ ಮೇಲೆ. 1717ರಲ್ಲಿ ಅಮೆರಿಕದ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಕಚೇರಿ ಸೆವಿಯಾದಿಂದ ಕಾದಿಸ್‌ಗೆ ಬಂತು. ಆಗ ವ್ಯಾಪಾರಿಗಳು ತಮ್ಮ ಹಡಗು ಬಂತಾ ಅಂತ ನೋಡಲು ಮನೆಯ ತಾರಸಿ ಮೇಲೆ ಗೋಪುರ ಕಟ್ಟಿಸಿಕೊಂಡರು. ಇವತ್ತಿಗೂ ಅಂಥ 120ಕ್ಕೂ ಜಾಸ್ತಿ ಗೋಪುರಗಳಿವೆ. ಬೀದಿಯಲ್ಲಿ ನಡೆದರೆ ಒಂದೂ ಕಾಣುವುದಿಲ್ಲ, ಅಷ್ಟು ಕಿರಿದು ಬೀದಿಗಳು. ಅದಕ್ಕೇ ತೋರೆ ತವೀರಾ ಹತ್ತಬೇಕು. 1778ರಲ್ಲಿ ಬಂದರಿನ ಅಧಿಕೃತ ಕಾವಲು ಗೋಪುರ ಆದದ್ದು ಅದು. ಮೇಲಿನ ಕತ್ತಲೆ ಕೋಣೆಯಲ್ಲಿ ಕನ್ನಡಿ ಮತ್ತು ಮಸೂರದಿಂದ ಇಡೀ ಊರನ್ನು ಒಂದು ಬಿಳಿ ತಟ್ಟೆಯ ಮೇಲೆ ಬೀಳಿಸುತ್ತಾರೆ. ಒಣಗಲು ಹಾಕಿದ ಬಟ್ಟೆ ಅಲ್ಲಾಡುವುದೂ ಕಾಣುತ್ತದೆ. ಮಗನಿಗೆ ಖಂಡಿತ ಇಷ್ಟವಾಗುತ್ತದೆ.

ಇನ್ನೊಂದು, ಮನೆಗಳ ಮೂಲೆಗಳಲ್ಲಿ ನೆಲಕ್ಕೆ ಹೂತ ಹಳೆಯ ಫಿರಂಗಿಗಳನ್ನು ಮಾವನವರಿಗೆ ತೋರಿಸಿ. ಗಾಡಿಯ ಚಕ್ರ ಗೋಡೆಗೆ ತಾಗದಿರಲಿ ಅಂತ ಹಾಕಿದ್ದು. ಆ ಗೋಡೆಗಳ ಕಲ್ಲನ್ನೂ ಹತ್ತಿರದಿಂದ ನೋಡಿ. ಚಿಪ್ಪು, ಮರಳು ಸೇರಿ ಗಟ್ಟಿಯಾದ ಕಲ್ಲು ಅದು, ಸಮುದ್ರದ ಅಂಚಿನಿಂದಲೇ ತೆಗೆದದ್ದು. ಸಿಂಪಿಯ ಚೂರುಗಳು ಕೈಗೆ ಸಿಗುತ್ತವೆ.

ಬಂಗುಡೆಪ್ರಿಯ:
ಮಲ್ಪೆ ಕಡೆಯವನು ನಾನು. ಕಾದಿಸ್‌ನಲ್ಲಿ ನನಗೆ ಹಿಡಿಸಿದ್ದು ಮೀನು ಪೇಟೆ. ಊರ ನಡುವೆ 1838ರ ಮಾರುಕಟ್ಟೆ, ಕಂಬಗಳ ಸಾಲಿನ ಅಂಗಳ. ಬೆಳಿಗ್ಗೆ ಹೋಗಬೇಕು, ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಕಟ್ಟೆ ತೊಳೆದುಬಿಟ್ಟಿರುತ್ತಾರೆ. ಸೋಮವಾರ ಮೀನು ಕಡಿಮೆ, ಭಾನುವಾರ ದೋಣಿ ಹೋಗುವುದಿಲ್ಲವಲ್ಲ.

ಬೇಸಿಗೆಯಲ್ಲಿ ಅಲ್ಲಿಯ ಜನರಿಗೆ ಬೇಕಾದ ಮೀನು ನಮ್ಮ ಬಂಗುಡೆಯ ಹತ್ತಿರದ ನೆಂಟ, ಅವರು ಕಬಾಯಾ ಅನ್ನುತ್ತಾರೆ. ಕೆಂಡದ ಮೇಲೆ ಸುಟ್ಟು, ಚರ್ಮ ತೆಗೆದು, ಸಣ್ಣಗೆ ಹೆಚ್ಚಿದ ಟೊಮೆಟೊ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿಗೆ ಎಣ್ಣೆ, ವಿನೆಗರ್ ಹಾಕಿ ಪಕ್ಕದಲ್ಲಿ ಕೊಡುತ್ತಾರೆ. ಮಸಾಲೆ ಇಲ್ಲದೆ ಬಂಗುಡೆ ಇಷ್ಟು ರುಚಿಯಾಗಿರುತ್ತದಾ ಅನ್ನಿಸಿತು.

ಕರಿದ ಮೀನಿಗೆ ಅಲ್ಲಿ ಬೇರೆಯೇ ಅಂಗಡಿಗಳಿವೆ. ತೂಕಕ್ಕೆ ಕೊಟ್ಟು ಕಾಗದದಲ್ಲಿ ಸುತ್ತುತ್ತಾರೆ, ಕೈಯಲ್ಲಿ ಹಿಡಿದು ಚೌಕದಲ್ಲಿ ನಿಂತು ತಿನ್ನಬಹುದು. ಕಪ್ಪೆ ಬೊಂಡಾಸ (ಕಟಲ್‌ಫಿಶ್), ವಿನೆಗರ್‌ನಲ್ಲಿ ನೆನೆಸಿ ಕರಿದ ಸಣ್ಣ ತಾಟೆ (ಶಾರ್ಕ್), ಎರಡನ್ನೂ ಬಿಡಬೇಡಿ. ತೋರ್ತಿಯೀತಾ ದೆ ಕಮರೋನೆಸ್ ಅಂತ ಒಂದಿದೆ. ಕಡ್ಲೆ ಹಿಟ್ಟು, ಗೋಧಿ ಹಿಟ್ಟು ಕಲಸಿದ ತೆಳು ಹಿಟ್ಟಿಗೆ ಉಗುರಿಗಿಂತ ಸಣ್ಣ ಸಿಗಡಿ, ಈರುಳ್ಳಿ, ಕೊತ್ತಂಬರಿಯಂಥ ಸೊಪ್ಪು ಹಾಕಿ ತೆಳ್ಳಗೆ ಎಣ್ಣೆಯಲ್ಲಿ ಹರಡಿ ಕರಿಯುತ್ತಾರೆ. ಗರಿಗರಿ. ಬಿಸಿ ಇರುವಾಗಲೇ ತಿನ್ನಬೇಕು.

ಏಪ್ರಿಲ್‌ನಿಂದ ಜೂನ್ ನಡುವೆ ಹೋದರೆ ಟ್ಯೂನಾ ಕಾಲ. ಅಟ್ಲಾಂಟಿಕ್‌ನ ದೊಡ್ಡ ಟ್ಯೂನಾಗಳು ಮೊಟ್ಟೆ ಇಡಲು ಮೆಡಿಟರೇನಿಯನ್ ಕಡೆ ಹೋಗುವಾಗ ಕೊನಿಲ್, ಬರ್ಬಾತೆ, ಸಾಹರಾ, ತರೀಫಾ ತೀರಗಳಲ್ಲಿ ಲಂಗರು ಹಾಕಿದ ಬಲೆಗಳ ಗೋಡೆ ಕಟ್ಟಿ ಹಿಡಿಯುತ್ತಾರೆ. ಫಿನೀಷಿಯನ್ನರ ಕಾಲದಿಂದ ಟ್ಯೂನಾ ಹಿಡಿದು ಉಪ್ಪು ಹಾಕುವ ಕಸುಬು ಆ ತೀರದಲ್ಲಿದೆ. ಬೊಲೋನಿಯಾ ಬೀಚ್ ಪಕ್ಕದಲ್ಲೇ ರೋಮನ್ ಊರಿನ ಅವಶೇಷ ಇದೆ, ಬೈಲೊ ಕ್ಲಾದಿಯಾ. ಮೀನು ಉಪ್ಪು ಹಾಕುತ್ತಿದ್ದ ಕಲ್ಲಿನ ತೊಟ್ಟಿಗಳು ಇನ್ನೂ ಹಾಗೇ ಇವೆ. ಉಪ್ಪಿನಲ್ಲಿ ಒಣಗಿಸಿದ ಟ್ಯೂನಾ ಇವತ್ತಿಗೂ ಮಾರುತ್ತಾರೆ. ಒಣಮೀನು ತಿಂದು ಬೆಳೆದ ನಮಗೆ ಅದು ಹೊಸದಲ್ಲ.

ಸಸ್ಯಾಹಾರದ ವಿಷಯ ನನ್ನನ್ನು ಕೇಳಬೇಡಿ, ಬೇರೆಯವರು ಹೇಳಲಿ.

ಬಿಸಿಲುಕುದುರೆ:
ಎಲ್ಲರೂ ಹೊಗಳುತ್ತಿದ್ದೀರಿ, ನನ್ನ ಅನುಭವ ಬೇರೆ. ನಾವು ಆಗಸ್ಟ್‌ನಲ್ಲಿ ಹೋಗಿದ್ದೆವು. ಗಾಳಿ ಅಂದರೆ ಅಂಥಿಂಥ ಗಾಳಿಯಲ್ಲ. ಬೀಚ್‌ನಲ್ಲಿ ಮರಳು ಮುಖಕ್ಕೆ ಹೊಡೆಯುತ್ತಿತ್ತು, ಛತ್ರಿ ನಿಲ್ಲಲಿಲ್ಲ, ಮಕ್ಕಳು ಅತ್ತರು. ಕ್ಯಾಥೆಡ್ರಲ್ ಒಳಗೆ ಮೇಲಿಂದ ಕಲ್ಲಿನ ಪುಡಿ ಉದುರಬಾರದು ಅಂತ ಬಲೆ ಕಟ್ಟಿದ್ದಾರೆ. ಅನೇಕ ಗೋಡೆಗಳ ಬಣ್ಣ ಕಿತ್ತುಹೋಗಿದೆ. ಇಂಗ್ಲಿಷ್ ಮಾತಾಡುವವರು ಕಡಿಮೆ. ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಮಾಲಗಾ ಕಡೆಯ ಮೆಡಿಟರೇನಿಯನ್ ತೀರ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನೆರ್ಹಾ ನೋಡಿ. ನೀರು ಶಾಂತ, ಎಲ್ಲ ಅನುಕೂಲ ಇದೆ.

ಸೆವಿಯಾವಾಸಿ:
ಬಿಸಿಲುಕುದುರೆ ಅವರೇ, ಗಾಳಿಯ ಮಾತು ಪೂರ್ತಿ ನಿಜ. ಅದು ಲೆವಾಂತೆ, ಪೂರ್ವದಿಂದ ಬೀಸುವ ಬಿಸಿ, ಒಣ ಗಾಳಿ. ಜಿಬ್ರಾಲ್ಟರ್ ಜಲಸಂಧಿಯ ಇಕ್ಕಟ್ಟಿನಲ್ಲಿ ನುಗ್ಗಿ ಜೋರಾಗುತ್ತದೆ. ಹಿಡಿದರೆ ಕೆಲವು ದಿನ ಬಿಡುವುದಿಲ್ಲ. ಇದಕ್ಕೆ ಎದುರು ಪೊನಿಯೆಂತೆ, ಪಶ್ಚಿಮದ ತಂಪು ಗಾಳಿ. ಊರಿನವರು ಬೆಳಿಗ್ಗೆ ಎದ್ದು ಮೊದಲು ಕೇಳುವುದೇ ಇವತ್ತು ಯಾವ ಗಾಳಿ ಅಂತ. ಲೆವಾಂತೆ ಇದ್ದ ದಿನ ಲಾ ವಿಕ್ತೋರಿಯಾಕ್ಕೆ ಹೋಗಬಾರದು. ಲಾ ಕಲೇತಾ ಪಶ್ಚಿಮಕ್ಕೆ ಮುಖ ಮಾಡಿದೆ, ಬೆನ್ನಿಗೆ ಇಡೀ ಊರಿದೆ, ಹಾಗಾಗಿ ಅಲ್ಲಿ ಗಾಳಿಯ ಹೊಡೆತ ಎಷ್ಟೋ ಕಡಿಮೆ. ಒಂದೇ ಮಧ್ಯಾಹ್ನಕ್ಕೆ ಹೋದವರಿಗೆ ಈ ಆಯ್ಕೆ ಇರುವುದಿಲ್ಲ, ಉಳಿದವರಿಗೆ ಇರುತ್ತದೆ.

ಲಾ ಕಲೇತಾದಲ್ಲಿ ಗಾಳಿಯ ಜೊತೆ ಭರತ ಇಳಿತವನ್ನೂ ನೋಡಬೇಕು. ಮೆಡಿಟರೇನಿಯನ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಾದಿಸ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ನೀರು ಮೂರು ಮೀಟರಿನಷ್ಟು ಏರಿ ಇಳಿಯುತ್ತದೆ. ಇಳಿತದಲ್ಲಿ ಸಣ್ಣ ದೋಣಿಗಳು ಮರಳಿನ ಮೇಲೆ ವಾಲಿ ನಿಲ್ಲುತ್ತವೆ, ಬಂಡೆಗಳು ಹೊರಬರುತ್ತವೆ, ಜನ ಚಿಪ್ಪು, ಏಡಿ ಹುಡುಕುತ್ತಾರೆ. ಈಜಲು ಭರತ ಬೇಕು, ಬಂಡೆ ಸುತ್ತಲು ಇಳಿತ ಬೇಕು. ಆ ದಿನದ ವೇಳಾಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತದೆ.

ಕ್ಯಾಥೆಡ್ರಲ್ ಬಗ್ಗೆ ನನಗೆ ಭಿನ್ನಾಭಿಪ್ರಾಯ ಇದೆ. 1722ರಲ್ಲಿ ಶುರುವಾಗಿ 1838ರಲ್ಲಿ ಮುಗಿದ ಕಟ್ಟಡ ಅದು. ಅಷ್ಟರಲ್ಲಿ ಅಮೆರಿಕದ ದುಡ್ಡು ನಿಂತುಹೋಗಿತ್ತು, ಮೇಲಿನ ಭಾಗಕ್ಕೆ ಅಗ್ಗದ ಕಲ್ಲು ಹಾಕಿದರು. ಕೆಳಗೊಂದು ಬಣ್ಣ, ಮೇಲೊಂದು ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಉಪ್ಪುಗಾಳಿಗೆ ಕಲ್ಲು ಉದುರುವುದೂ ಆ ಊರಿನ ಕಥೆಯೇ. ಮುಚ್ಚಿಡದೆ ಬಲೆ ಕಟ್ಟಿ ಕಾಪಾಡುತ್ತಿದ್ದಾರೆ. ನನಗೆ ಅದರಲ್ಲಿ ಗೌರವವೇ ಕಾಣುತ್ತದೆ. ಕೆಳಗಿನ ನೆಲಮಾಳಿಗೆಯಲ್ಲಿ ಸಂಗೀತಗಾರ ಮಾನುಯೆಲ್ ದೆ ಫಾಯಾ ಅವರ ಸಮಾಧಿ ಇದೆ. ಅವರು 1876ರಲ್ಲಿ ಇದೇ ಊರಲ್ಲಿ ಹುಟ್ಟಿದವರು.

ತುಂಗಾತೀರ:
ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದೀರಿ, ಎಲ್ಲರಿಗೂ ಧನ್ಯವಾದ. ಬಿಸಿಲುಕುದುರೆ ಅವರೇ, ನಿಮ್ಮ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ, ಗಾಳಿಯ ವಿಷಯ ನಮಗೆ ಗೊತ್ತೇ ಇರಲಿಲ್ಲ. ಈಗ ಎರಡು ಪ್ರಶ್ನೆ. ಒಂದು, ಅತ್ತೆ ಮಾವನವರ ಊಟ. ಇನ್ನೊಂದು, ಭಾಷೆ ಬಾರದ ನಮಗೆ ಕಾರ್ನಿವಲ್ ಅರ್ಥವಾಗುತ್ತಾ? ಬರೀ ವೇಷ ಮೆರವಣಿಗೆ ಆದರೆ ಅಷ್ಟು ದೂರ ಅದಕ್ಕೇ ಹೋಗುವುದು ಬೇಡ ಅಂತ ನಮ್ಮವರ ವಾದ.

ಅನ್ನಸಾರು:
ಊಟದ ವಿಷಯ ನಾನು ಹೇಳುತ್ತೇನೆ. ನನ್ನ ತಾಯಿಯೂ ಮೊಟ್ಟೆ ತಿನ್ನುವುದಿಲ್ಲ, ಅವರನ್ನು ಕರೆದುಕೊಂಡು ಆ ಭಾಗವೆಲ್ಲ ಸುತ್ತಿದ್ದೇನೆ.

ಮಾಂಸ ಬೇಡ ಅಂದರೆ ಸಾಲದು. ಹಂದಿಯ ಹಮೋನ್ ಚೂರು, ಟ್ಯೂನಾ ಎರಡನ್ನೂ ಅವರು ಅಲಂಕಾರಕ್ಕೆ ಉದುರಿಸಿಬಿಡುತ್ತಾರೆ. ಮೀನು, ಹಮೋನ್, ಮೊಟ್ಟೆ ಅಂತ ಒಂದೊಂದೇ ಹೆಸರು ಹೇಳಿ ಬೇಡ ಅನ್ನಬೇಕು. ಸ್ಪ್ಯಾನಿಷ್‌ನಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ, ಓದಿ ತುಂಬಾ ಮರ್ಯಾದೆಯಿಂದ ಸಹಾಯ ಮಾಡುತ್ತಾರೆ. ಸಿಗುವುದು ಇಷ್ಟು: ಬೇಯಿಸಿದ ಆಲೂಗಡ್ಡೆಗೆ ಆಲಿವ್ ಎಣ್ಣೆ, ಶೆರಿ ವಿನೆಗರ್, ಈರುಳ್ಳಿ ಹಾಕಿದ ಪಾಪಾಸ್ ಅಲಿನ್ಯಾಸ್. ಟ್ಯೂನಾ ಇಲ್ಲದೆ ಅಂತ ಹೇಳಲೇಬೇಕು. ಕಡಲೆಕಾಳು ಪಾಲಕ್ ಪಲ್ಯ. ಟೊಮೆಟೊ ಗಾಸ್ಪಾಚೊ, ಅಂದರೆ ತಣ್ಣನೆಯ ಸೂಪ್. ಕರಿದ ಬದನೆಕಾಯಿ. ಗ್ರಸಲೇಮಾ ಬೆಟ್ಟದ ಕಡೆಯ ಪಯೋಯೊ ಮೇಕೆ ಹಾಲಿನ ಚೀಸ್, ಆದರೆ ಚೀಸ್‌ಗೆ ಹಾಲು ಗಟ್ಟಿಯಾಗಲು ಪ್ರಾಣಿಯ ರೆನೆಟ್ (ಎಳೆಯ ಕರು, ಮರಿಗಳ ಹೊಟ್ಟೆಯಿಂದ ತೆಗೆದದ್ದು) ಬಳಸುವುದು ಸಾಮಾನ್ಯ, ಅತ್ತೆಯವರಿಗೆ ಅದು ಆಗುತ್ತಾ ಕೇಳಿ. ಬೆಳಿಗ್ಗೆ ಮಾರುಕಟ್ಟೆ ಪಕ್ಕ ಚುರ್ರೋ ಕರಿಯುತ್ತಾರೆ. ಹಿಟ್ಟು, ನೀರು, ಉಪ್ಪು ಅಷ್ಟೇ. ಕಾದಿಸ್‌ನ ಬಾದಾಮಿ ಸಿಹಿ ಪಾನ್ ದೆ ಕಾದಿಸ್‌ನಲ್ಲಿ ಮೊಟ್ಟೆಯ ಹಳದಿ ಇರುತ್ತದೆ, ಹುಷಾರು.

ನಿಜವಾದ ಕಷ್ಟ ಹೊತ್ತಿನದು. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿ ಊಟ ಒಂಬತ್ತರ ಸುಮಾರು. ನಮ್ಮ ಹಿರಿಯರು ಏಳೂವರೆಗೆ ಕೇಳುತ್ತಾರೆ, ಅಡುಗೆಮನೆಯೇ ತೆರೆದಿರುವುದಿಲ್ಲ. ಸಣ್ಣ ಅಡುಗೆಮನೆ ಇರುವ ಕೋಣೆ ತೆಗೆದುಕೊಂಡರೆ ಅನ್ನ, ತಿಳಿಸಾರು ಮಾಡಿಕೊಳ್ಳಬಹುದು. ಅಕ್ಕಿ, ಮೊಸರು, ತರಕಾರಿ ಎಲ್ಲ ಸಿಗುತ್ತದೆ. ಸಾರಿನ ಪುಡಿ ಒಯ್ಯಿರಿ. ಭಾನುವಾರ ಅನೇಕ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ.

ಸೆವಿಯಾವಾಸಿ:
ಈಗ ಕಾರ್ನಿವಲ್. ಇದನ್ನು ಬ್ರೆಜಿಲ್ ತರಹ ಗರಿ ಕಟ್ಟಿದ ಮೆರವಣಿಗೆ ಅಂದುಕೊಂಡರೆ ನಿರಾಸೆ ಆಗುತ್ತದೆ. ಕಾದಿಸ್ ಕಾರ್ನಿವಲ್‌ನ ಜೀವ ಹಾಡಿನ ಮಾತಿನಲ್ಲಿದೆ. ಪ್ರತಿ ವರ್ಷ ಹೊಸ ಹಾಡು, ಹೊಸ ವೇಷ. ಹಿಂದಿನ ವರ್ಷದ ರಾಜಕೀಯ, ಮನೆ ಬಾಡಿಗೆ, ಕೆಲಸ ಇಲ್ಲದ್ದು, ಊರಿನ ಮೇಯರ್, ಪಕ್ಕದ ಮನೆಯವರು, ಯಾರನ್ನೂ ಬಿಡುವುದಿಲ್ಲ. ಗುಂಪುಗಳಲ್ಲಿ ನಾಲ್ಕು ಬಗೆ. ಚಿರಿಗೋತಾ ನಗಿಸುತ್ತದೆ, ಹತ್ತು ಹನ್ನೆರಡು ಜನ. ಕೊಂಪಾರ್ಸಾ ಗಂಭೀರ, ಅದರ ಹಾಡು ಎದೆಗೆ ತಾಗುತ್ತದೆ. ಕೋರೊ ದೊಡ್ಡದು, ತಂತಿವಾದ್ಯಗಳ ಜೊತೆ ಟ್ಯಾಂಗೊ ಹಾಡುತ್ತದೆ. ಕ್ವಾರ್ತೇತೊ ಪ್ರಾಸದ ಪದ್ಯಗಳಲ್ಲಿ ಪ್ರಹಸನ ಮಾಡುತ್ತದೆ. ಗಿಟಾರ್, ದೊಡ್ಡ ಡೋಲು, ಸಣ್ಣ ಡೋಲು, ಜೊತೆಗೆ ಲಾಳಕಡ್ಡಿಯಿಂದ ಮಾಡಿದ ಒಂದು ಪೀಪಿ. ಆ ಪೀಪಿಯ ಸದ್ದು ಕೇಳಿದರೆ ಕಾದಿಸ್ ಅಂತ ಗೊತ್ತಾಗಿಬಿಡುತ್ತದೆ.

ಜನವರಿಯಿಂದಲೇ ಫಾಯಾ ರಂಗಮಂದಿರದಲ್ಲಿ ಸ್ಪರ್ಧೆ. ಕೆಂಪು ಇಟ್ಟಿಗೆಯ ಸುಂದರ ಕಟ್ಟಡ. ಫೈನಲ್ ಶುಕ್ರವಾರ ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುತ್ತದೆ, ಊರಿಗೆ ಊರೇ ಟಿವಿ ಮುಂದೆ. ಟಿಕೆಟ್ ಸಿಗುವುದು ಬಹಳ ಕಷ್ಟ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಮೇಲಿನ ವಾರ ಎಲ್ಲವೂ ಬೀದಿಗೆ ಬರುತ್ತದೆ. ಸ್ಪರ್ಧೆಗೆ ಹೋಗದ ಗುಂಪುಗಳೂ ಇವೆ. ಗೆಳೆಯರು, ಅಕ್ಕತಂಗಿಯರು, ಒಂದೇ ಆಫೀಸಿನವರು ಸೇರಿ ಕಟ್ಟಿದವು. ಮೂಲೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ನಿಂತು ಹಾಡಿ, ಮುಂದಿನ ಮೂಲೆಗೆ ಹೋಗುತ್ತಾರೆ. ನನಗೆ ಫಾಯಾದ ಫೈನಲ್‌ಗಿಂತ ಇವರೇ ಇಷ್ಟ.

ಭಾಷೆ ಬಾರದಿದ್ದರೆ ಮಾತು ಅರ್ಥವಾಗುವುದಿಲ್ಲ, ಅದು ನಿಜ. ಮ್ಯಾಡ್ರಿಡ್‌ನವರಿಗೇ ಕೆಲವು ತಿಳಿಯುವುದಿಲ್ಲ. ಆದರೆ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಒಂದು ಚುಚ್ಚು ಮಾತು ಬಿಟ್ಟಾಗ ಸಭೆ ಹೇಗೆ ಒಟ್ಟಿಗೆ ಅಲುಗುತ್ತದೆ ಅಲ್ವಾ, ಅದನ್ನು ಅಲ್ಲಿ ಮೂಲೆಮೂಲೆಯಲ್ಲೂ ನೋಡುತ್ತೀರಿ. ಕೇಳುವವರು ಗುಸುಗುಸು ಮಾಡುವುದಿಲ್ಲ. ಒಂದು ಪದ ತಪ್ಪಿದರೆ ನಗು ತಪ್ಪುತ್ತದೆ ಅಂತ ಅವರಿಗೆ ಗೊತ್ತು. ಹಾಡುವಾಗ ಮಧ್ಯೆ ದಾಟಬೇಡಿ, ಫ್ಲ್ಯಾಶ್ ಹಾಕಬೇಡಿ. ಮುಗಿದ ಮೇಲೆ ಅವರ ಹಾಡಿನ ಪುಸ್ತಕ ಮಾರುತ್ತಾರೆ, ಒಂದು ಕೊಳ್ಳಿ.

ಈ ಹಾಡುವ ಹಕ್ಕು ಅವರಿಗೆ ಸುಮ್ನೆ ಬಂದದ್ದಲ್ಲ. ಅಂತರ್ಯುದ್ಧದ ನಡುವೆ 1937ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಕಾರ್ನಿವಲ್ ನಿಷೇಧಿಸಿತು. 1947ರ ಆಗಸ್ಟ್ 18ರ ರಾತ್ರಿ ನೌಕಾಪಡೆಯ ಗೋದಾಮಿನ ಸಿಡಿಮದ್ದು ಸ್ಫೋಟಿಸಿ ಸುಮಾರು 150 ಜನ ಸತ್ತರು, ಬಡಾವಣೆಗಳೇ ನೆಲಸಮವಾದವು. ಮರುವರ್ಷ ಆ ದುಃಖದ ಊರಿನಲ್ಲಿ ಕೋರೊಗಳಿಗೆ ಹಾಡಲು ಅನುಮತಿ ಸಿಕ್ಕಿತು, ಆದರೆ ಕಾರ್ನಿವಲ್ ಅನ್ನುವ ಹೆಸರಿಲ್ಲ, ಸೆನ್ಸಾರ್ ಕತ್ತರಿ ಬೇರೆ. 1967ರಲ್ಲಿ ಅದನ್ನು ಮೇ ತಿಂಗಳಿಗೆ ದೂಡಿದರು. 1977ರಲ್ಲಿ ಮತ್ತೆ ಫೆಬ್ರವರಿಗೆ, ಸ್ವಂತ ಹೆಸರಿಗೆ ಬಂತು. ಇವತ್ತು ಮೂಲೆಯಲ್ಲಿ ನಿಂತು ಮಂತ್ರಿಯನ್ನು ಹಾಡಿನಲ್ಲಿ ಬೈಯುವ ಹುಡುಗಿಯ ಹಿಂದೆ ಇಷ್ಟು ವರ್ಷಗಳಿವೆ.

ದಿನಗಳ ಬಗ್ಗೆ: ಮೊದಲ ಶನಿವಾರ ರಾತ್ರಿ ಹೊರಗಿನ ಊರಿನ ಹುಡುಗರು ಕುಡಿಯಲೆಂದೇ ಬಂದು ತುಂಬುತ್ತಾರೆ. ಹಿರಿಯರಿದ್ದರೆ ಆ ರಾತ್ರಿ ಬೇಡವೇ ಬೇಡ. ಭಾನುವಾರ ಮತ್ತು ಸೋಮವಾರ ಮಧ್ಯಾಹ್ನ ಮಾರುಕಟ್ಟೆ ಸುತ್ತ ಕೋರೊಗಳು ಅಲಂಕರಿಸಿದ ಗಾಡಿಗಳ ಮೇಲೆ ಹಾಡುತ್ತಾ ಬರುತ್ತವೆ. ಹಗಲು, ಬಿಸಿಲು, ಮಕ್ಕಳು ಮರಿ ಎಲ್ಲ ವೇಷದಲ್ಲಿ. ಸೋಮವಾರ ಊರಿಗೆ ರಜೆ. ಅವತ್ತು ಮ್ಯೂಸಿಯಂ ಕೂಡ ಮುಚ್ಚಿರುತ್ತದೆ, ಹಳೆಗೋಡೆ ಅವರು ಹೇಳಿದ ಶವಪೆಟ್ಟಿಗೆಗಳನ್ನು ಬೇರೆ ದಿನ ಇಟ್ಟುಕೊಳ್ಳಿ. ಎಲ್ಲ ಮುಗಿದ ಮುಂದಿನ ಭಾನುವಾರ ಊರಿನವರು ತಮಗಾಗಿಯೇ ಒಂದು ಸಣ್ಣ ಕಾರ್ನಿವಲ್ ಇಟ್ಟುಕೊಳ್ಳುತ್ತಾರೆ. ಬೀದಿ ಗುಂಪುಗಳು ಮಾತ್ರ. ಗದ್ದಲ ಕಡಿಮೆ, ಹತ್ತಿರ ನಿಂತು ಕೇಳಬಹುದು. ನಿಮ್ಮ ಮನೆಯವರಿಗೆ ನಾನು ಆ ದಿನವನ್ನೇ ಹೇಳುತ್ತೇನೆ.

ಒಂದು ಕೇಳಿಕೆ. ದಯವಿಟ್ಟು ಲಾ ವಿನ್ಯಾದಲ್ಲಿ ಪ್ರವಾಸಿಗರಿಗೆ ಕೊಡುವ ಫ್ಲ್ಯಾಟ್ ಹಿಡಿಯಬೇಡಿ. ಮೂರು ಕಡೆ ನೀರಿರುವ ಊರು, ಹೊಸ ಮನೆ ಕಟ್ಟಲು ಜಾಗ ಇಲ್ಲ. ಒಂದೂವರೆ ಲಕ್ಷ ದಾಟಿದ್ದ ಜನಸಂಖ್ಯೆ ಈಗ 1 ಲಕ್ಷ 10 ಸಾವಿರದ ಆಸುಪಾಸು. ಮನೆ ಸಿಗದೆ ಯುವಕರು ಆಚೆಯ ಊರುಗಳಿಗೆ ಹೋಗುತ್ತಿದ್ದಾರೆ. ಹಾಡು ಬರೆಯುವವರೇ ಬಡಾವಣೆ ಬಿಟ್ಟರೆ ನಾವು ನೋಡಲು ಹೋಗುವುದು ಏನನ್ನು?

ಅನ್ನಸಾರು:
ಈ ಕಾಳಜಿ ಅರ್ಥವಾಗುತ್ತದೆ. ಆದರೆ ಹೋಟೆಲ್ ಕೋಣೆಯಲ್ಲಿ ಅಡುಗೆ ಮಾಡಲಾಗುವುದಿಲ್ಲ. ಎಪ್ಪತ್ತು ದಾಟಿದವರಿಗೆ ಎರಡು ದಿನ ಬರೀ ಬ್ರೆಡ್, ಆಲೂಗಡ್ಡೆ ಅಂದರೆ ಆರೋಗ್ಯ ಕೆಡುತ್ತದೆ. ಪೂರ್ತಿ ಬೇಡ ಅನ್ನುವುದು ಸರಿಯಲ್ಲ.

ಸೆವಿಯಾವಾಸಿ:
ನಿಮ್ಮ ಮಾತು ನ್ಯಾಯವೇ. ಹಾಗಾದರೆ ಅಡುಗೆಮನೆ ಇರುವ ಹೋಟೆಲ್ ಅಪಾರ್ಟ್‌ಮೆಂಟ್ ನೋಡಿ. ಪ್ರವಾಸಿಗರಿಗಾಗಿಯೇ ಕಟ್ಟಿದ ಅಥವಾ ಪೂರ್ತಿ ಕಟ್ಟಡವೇ ಹಾಗಿರುವ ಜಾಗಗಳು ಹೊಸ ಊರಿನಲ್ಲೂ, ಹಳೆಯ ಊರಿನಲ್ಲೂ ಇವೆ. ಬೇರೆಯವರ ಮನೆಯ ಬಾಗಿಲ ಪಕ್ಕದ ಫ್ಲ್ಯಾಟ್ ಬೇಡ ಅನ್ನುವುದಷ್ಟೇ ನನ್ನ ಮಾತು. ಯಾವುದೇ ಆಗಲಿ, ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ.

ಹಳೆಗೋಡೆ:
ಫೆಬ್ರವರಿ ಆಗದಿದ್ದರೂ ಬೇಸರ ಬೇಡ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಅಲ್ಲಿ ಮೂರ್ತಿಗಳನ್ನು ಹೆಗಲ ಮೇಲೆ ಹೊರುತ್ತಾರೆ, ಕೈಯಲ್ಲಿ ಕವಲು ಕೋಲು, ಅದನ್ನು ನೆಲಕ್ಕೆ ಕುಟ್ಟುತ್ತಾ ಹೆಜ್ಜೆ ಹಾಕುತ್ತಾರೆ. ಜೂನ್‌ನ ಸಾನ್ ಹುವಾನ್ ರಾತ್ರಿ ಬೊಂಬೆಗಳನ್ನು ಸುಡುತ್ತಾರೆ. ಅಕ್ಟೋಬರ್ ಕೊನೆಗೆ ಸಂತರ ಹಬ್ಬದ ಹಿಂದಿನ ದಿನ ಮಾರುಕಟ್ಟೆಯ ವ್ಯಾಪಾರಿಗಳು ಮೀನು, ಹಂದಿಮರಿ, ಹಣ್ಣುಗಳಿಗೆ ಬಟ್ಟೆ ತೊಡಿಸಿ ವರ್ಷದ ಸುದ್ದಿಗಳನ್ನು ಅಣಕಿಸುತ್ತಾರೆ. ನಾನು ಹೋಗಬೇಕೆಂದು ಕಾದಿರುವುದು ನವೆಂಬರ್ 1ಕ್ಕೆ. 1755ರಲ್ಲಿ ಅದೇ ದಿನ ಲಿಸ್ಬನ್ ಭೂಕಂಪದ ಸುನಾಮಿ ಕಾದಿಸ್‌ಗೆ ಅಪ್ಪಳಿಸಿತು. ಲಾ ವಿನ್ಯಾದ ಜನ ಪಾಲ್ಮಾ ಮಾತೆಯ (ಮೇರಿ ಮಾತೆಯ) ಧ್ವಜ ಹಿಡಿದು ನೀರಿಗೆ ಎದುರು ನಡೆದರು, ನೀರು ಅಲ್ಲೇ ನಿಂತಿತು ಅನ್ನುವುದು ಬಡಾವಣೆಯ ನಂಬಿಕೆ. ಆ ಜಾಗದಲ್ಲಿ ಗುರುತು ಇದೆ. ಪ್ರತಿ ವರ್ಷ ಅವತ್ತು ಮೂರ್ತಿಯನ್ನು ಮೆರವಣಿಗೆಯಲ್ಲಿ ಕಡಲಿನವರೆಗೆ ಒಯ್ಯುತ್ತಾರೆ.

ತುಂಗಾತೀರ:
ಮನೆಯಲ್ಲಿ ತೀರ್ಮಾನ ಆಯಿತು. ಫೆಬ್ರವರಿ. ಆ ಸಣ್ಣ ಕಾರ್ನಿವಲ್‌ನ ಭಾನುವಾರ ನಾವು ಅಲ್ಲಿರುತ್ತೇವೆ, ಶನಿವಾರವೇ ತಲುಪಿ ಮಂಗಳವಾರ ಮ್ಯೂಸಿಯಂ ನೋಡಿಕೊಂಡು ಹೊರಡುತ್ತೇವೆ. ಮಗ ಮಾತ್ರ ಈಜಲು ಆಗುವುದಿಲ್ಲವಲ್ಲ ಅಂತ ಮುಖ ಸಣ್ಣ ಮಾಡಿಕೊಂಡ. ಫೆಬ್ರವರಿಯಲ್ಲಿ ನೀರಿಗೆ ಇಳಿಯಲು ಆಗುವುದೇ ಇಲ್ಲವಾ?

ಸೆವಿಯಾವಾಸಿ:
ನೀರು 15, 16 ಡಿಗ್ರಿ ಇರುತ್ತದೆ. ಊರಿನ ಕೆಲವು ಹಿರಿಯರು ದಿನಾ ಇಳಿಯುತ್ತಾರೆ, ನಮ್ಮ ಕಡೆಯ ಮಕ್ಕಳಿಗೆ ಅದು ತುಂಬಾ ತಣ್ಣಗೆ. ಅವನಿಗೆ ಬೇರೆ ಎರಡು ಖುಷಿ ಇವೆ. ಒಂದು, ಇಳಿತದ ಹೊತ್ತಿಗೆ ಲಾ ಕಲೇತಾದ ಬಂಡೆಗಳು. ಜಾರದ ಶೂ ಹಾಕಿಸಿ. ಇನ್ನೊಂದು, ಕೊಲ್ಲಿಯ ಆಚೆ ದಡದ ಊರು ಎಲ್ ಪುಯೆರ್ತೊ ದೆ ಸಾಂತಾ ಮರಿಯಾಗೆ ಹೋಗುವ ಕ್ಯಾಟಮರಾನ್ ದೋಣಿ. ಕೊಲ್ಲಿ ದಾಟಲು ಅರ್ಧ ಗಂಟೆ, ಟಿಕೆಟ್ ಅಗ್ಗ, ದಾರಿಯಲ್ಲಿ 2015ರಲ್ಲಿ ತೆರೆದ ದೊಡ್ಡ ಕೇಬಲ್ ಸೇತುವೆ ಕಾಣುತ್ತದೆ. ಗಾಳಿ ಜೋರಿದ್ದರೆ ನಿಲ್ಲಿಸುತ್ತಾರೆ, ಬೆಳಿಗ್ಗೆಯೇ ವಿಚಾರಿಸಿ.

ವೀಸಾಗೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, ಹಬ್ಬದ ರಜೆಯ ರಶ್ಶಿಗೆ ಮೊದಲೇ ಹಾಕಿ. ರೈಲಿನ ಟಿಕೆಟ್ ಕೂಡ ಮುಂಚೆಯೇ ತೆಗೆದಿಡಿ, ಕಾರ್ನಿವಲ್ ದಿನಗಳಲ್ಲಿ ಬೇಗ ಮುಗಿಯುತ್ತದೆ. ಒಂದು ವಿಷಯ ಗಮನದಲ್ಲಿರಲಿ: ಹಳೆಯ ಊರಿಗೆ ಮುಂಚೆ ಹೊಸ ಊರಿನಲ್ಲೂ ನಿಲ್ದಾಣಗಳಿವೆ. ಕೊರ್ತದೂರಾ, ಎಸ್ತಾದಿಯೊ, ಸೆಗುಂದಾ ಅಗ್ವಾದಾ, ಸಾನ್ ಸೆವೆರಿಯಾನೊ. ನಿಮ್ಮ ಕೋಣೆ ಹೊಸ ಊರಿನಲ್ಲಿದ್ದರೆ ಅವುಗಳಲ್ಲಿ ಹತ್ತಿರದ್ದು ಯಾವುದು, ಅಲ್ಲಿ ನಿಮ್ಮ ರೈಲು ನಿಲ್ಲುತ್ತದಾ ಅಂತ ನೋಡಿ. ಹಳೆಯ ಊರಿನಲ್ಲಿದ್ದರೆ ಕೊನೆಯವರೆಗೂ ಕೂತಿರಿ.